ಓಬಳಯ್ಯನ ಚಕ್ಕಳಮಕ್ಕಳ

“ನನ್ನ ಮೂಳೆ ಮುರಿಯೋ ಗಂಡು ಪಾವಗಡ ಸೀಮೇಲಿ ಇನ್ನೂ ಹುಟ್ಟಿಲ್ಲ ಕಣಮ್ಮ. ರಾಗಿಮುದ್ದೆ ತಿಂದ ಮೂಳೆ ಇದು. ಸುತ್ತಿಗೇಲಿ ಹೊಡುದ್ರೆ ಸುತ್ತಿಗೇನೇ ಆಸ್ಪತ್ರೆಗೆ ಸೇರ್ಬೇಕು!”

ತಿರುಮಣಿ ಪಕ್ಕದ ಹಳ್ಳಿಯ ಓಬಳಯ್ಯ ಹೀಗೆ ಎದೆ ತಟ್ಟಿಕೊಂಡದ್ದು ತಿಂಗಳಿಗೊಮ್ಮೆ ಮನೆಗೆ ಬರುವ ಫಿಸಿಯೋಥೆರಪಿಸ್ಟ್ ರಮ್ಯಶ್ರೀಯ ಮುಂದೆ. ಆರು ವರ್ಷದ ಹಿಂದೆ ಹುಣಸೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಅವನಿಗೆ ಸೊಂಟದ ಕೆಳಗೆ ಸ್ವಾಧೀನವೂ ಇಲ್ಲ, ಸ್ಪರ್ಶವೂ ಇಲ್ಲ. ಅಂದು ಕಾಲಿನ ಮೂಳೆಗೆ ಒಂದು ಗೀರೂ ಬೀಳಲಿಲ್ಲವೆಂಬುದೇ ಈ ಜಂಬದ ಅಡಿಪಾಯ.

“ಅದು ಆಗಿನ ಮೂಳೆ, ಓಬಳಯ್ಯೋರೆ,” ಎಂದಳು ರಮ್ಯಶ್ರೀ. “ಭಾರ ಹೊರದ ಮೂಳೆ ವರ್ಷವರ್ಷ ಸವೆಯುತ್ತೆ. ಗೆದ್ದಲು ತಿಂದ ತೊಲೆ ಥರ, ಮೇಲೆ ನೋಡೋಕೆ ನೆಟ್ಟಗೇ ಇರುತ್ತೆ. ಕಾಲನ್ನ ಯಾರೂ ಎಳೀಬಾರ್ದು, ತಿರುಚಬಾರ್ದು. ಬಿಸಿಲಿಗೆ ಬನ್ನಿ, ತೋಳಿಗೆ ಕೆಲಸ ಕೊಡಿ, ಸಿಹಿ ಬಿಡಿ.”

ಆ ಊರಿನ ಬಿಸಿಲು ಸಾಮಾನ್ಯದ್ದಲ್ಲ. ಅಲ್ಲಿ ಕೋಳಿ ಮೊಟ್ಟೆ ಇಡುವುದಿಲ್ಲ, ನೇರವಾಗಿ ಆಮ್ಲೆಟ್ಟೇ ಇಡುತ್ತದೆ. ಆ ಬಿಸಿಲು ಹಿಡಿದೇ ಸೋಲಾರ್ ಪಾರ್ಕಿನವರು ಊರೂರಿಗೆ ಕರೆಂಟು ಕಳಿಸುತ್ತಾರೆ. ಓಬಳಯ್ಯನ ಚರ್ಮಕ್ಕೆ ಮಾತ್ರ ಅದರಲ್ಲಿ ಒಂದು ಚಮಚವೂ ಸಿಕ್ಕಿರಲಿಲ್ಲ. ವಿಟಮಿನ್ ಡಿ ತಳ ಕಂಡಿತ್ತು. ‘ಪಾಪ, ನೆರಳಲ್ಲಿರಲಿ’ ಎಂದು ಬಂಧುಬಳಗ ಅವನನ್ನು ನಡುಮನೆಯಲ್ಲೇ ಇಟ್ಟಿತ್ತು. ನೋಡಲು ಬರುವವರು ಬರಿಗೈಲಿ ಬರುವುದುಂಟೆ? ಬಾಳೆಹಣ್ಣು, ಬನ್ನು, ಗ್ಲೂಕೋಸ್ ಬಿಸ್ಕತ್ತು. ಅವನು ತಿಂದ ಹಣ್ಣಿನ ಸಿಪ್ಪೆ ಹಾಸಿದ್ದರೆ ಶಿರಾದವರೆಗೂ ಜಾರಿಕೊಂಡೇ ಹೋಗಬಹುದಿತ್ತು. ಕೆಲಸವಿಲ್ಲದ ಕಾಲಿನ ಮಾಂಸಖಂಡ ಕರಗಿತು, ಹೊಟ್ಟೆ ಬೆಳೆಯಿತು, ಖರ್ಚಾಗದ ಸಕ್ಕರೆ ರಕ್ತದಲ್ಲೇ ಸಂಸಾರ ಹೂಡಿತು.

ಆದರೂ ಅವನಲ್ಲಿ ಒಂದು ವಿದ್ಯೆ ಉಳಿದಿತ್ತು. ಹುಣಸೆ ಮರದ ಕೆಳಗೆ ತನ್ನ ಮೂರು ಚಕ್ರದ ಗಾಡಿ ನಿಲ್ಲಿಸಿ, ಕತ್ತೆತ್ತಿ “ಹನ್ನೊಂದು ಮೂಟೆ” ಎಂದರೆ ಫಸಲು ಹನ್ನೊಂದೇ ಮೂಟೆ. ಅವನು ಹೇಳದೆ ಯಾರೂ ಮರದ ಗುತ್ತಿಗೆ ಹಿಡಿಯುತ್ತಿರಲಿಲ್ಲ. ಮಾಘ ಬಂತೆಂದರೆ ಅವನು ಯಾರ ‘ಪಾಪ’ವೂ ಅಲ್ಲ, ನಾಲ್ಕು ಊರು ಕರೆಸಿಕೊಳ್ಳುವ ಗಂಡಸು. ಆ ಒಂದು ತಿಂಗಳಿಗಾಗಿ ಮಿಕ್ಕ ಹನ್ನೊಂದನ್ನು ಸಹಿಸುತ್ತಿದ್ದ.

ಕಾರ್ತೀಕದಲ್ಲಿ ಹೆಂಡತಿ ರಂಗಕ್ಕನ ತಮ್ಮ ಗಂಗಾಧರಯ್ಯನ ಮನೆ ಗೃಹಪ್ರವೇಶ. ಊಟಕ್ಕೆ ಎಲೆ ಹಾಕಿದರು.

“ಬಾವ ಗಾಡೀಲಿ ಕುಂತು ಉಣ್ಣಾದಾ? ಜನ ಏನಂದಾರು!” ಎಂದ ಗಂಗಾಧರಯ್ಯ. “ಎಲೆ ಮುಂದೆ ಚಕ್ಕಳಮಕ್ಕಳ ಕುಂತ್ರೇನೇ ಮರ್ಯಾದೆ.”

“ಬುಡ್ಲಾ, ಕಾಲು ತಿರುಚಬ್ಯಾಡಿ ಅಂದವ್ಳೆ ಡಾಕ್ಟ್ರಮ್ಮ,” ಎಂದಳು ರಂಗಕ್ಕ.

“ಡಾಕ್ಟ್ರಮ್ಮಂಗೆ ಪಂಕ್ತಿ ರಿವಾಜು ಗೊತ್ತೇನಕ್ಕ?”

ಬೇಡವೆನ್ನಲು ಓಬಳಯ್ಯ ಬಾಯಿ ತೆರೆದ. ಆದರೆ ಮರ್ಯಾದೆ ಎಂಬ ಮಾತು ಕಿವಿಗೆ ಬಿದ್ದಿತ್ತು, ಬಾಯಿ ಮುಚ್ಚಿಕೊಂಡ. ನಾಲ್ವರು ಎತ್ತಿ ಚಾಪೆಯ ಮೇಲಿಟ್ಟರು. ಬಲಗಾಲು ಮಡಚಿಕೊಂಡಿತು. ಬಿಗಿದುಕೊಂಡಿದ್ದ ಎಡಗಾಲು ಒಪ್ಪಲಿಲ್ಲ. ಗಂಗಾಧರಯ್ಯ ತೋಳೇರಿಸಿ, ಸೌದೆ ಮುರಿಯುವವನ ಹಾಗೆ ಒತ್ತಿದ. ಲಟಕ್!

“ಯಾವನ್ಲಾ ಅವನು, ಬಡಿಸಾಕೆ ಮುಂಚೇನೆ ಹಪ್ಪಳ ಮುರಿದೋನು?” ಎಂದು ಓಬಳಯ್ಯನೇ ಕೇಳಿದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮೂರು ಹೋಳಿಗೆ ಮುಗಿಸಿ ನಾಲ್ಕನೆಯದಕ್ಕೆ ಕೈ ಚಾಚಿದಾಗ ರಂಗಕ್ಕನ ಕಣ್ಣಿಗೆ ಅವನ ತೊಡೆ ಬಿತ್ತು: ಕುಂಬಳಕಾಯಿಯಷ್ಟು ಊದಿತ್ತು, ಮುಟ್ಟಿದರೆ ಸುಡುತ್ತಿತ್ತು.

ಎಕ್ಸ್‌ರೇಯಲ್ಲಿ ಮಂಡಿಯ ಮೇಲೆ ಮೂಳೆ ಎರಡು ತುಂಡು. ಸುತ್ತಿಗೆಗಲ್ಲ, ಮರಕ್ಕಲ್ಲ, ರಾಗಿಮುದ್ದೆಯ ಮೂಳೆ ಬರೀ ಮರ್ಯಾದೆಗೆ ಮುರಿದಿತ್ತು.

ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿ ಮಂಚ ತೋರಿಸಿದರು. “ಮಾಘಕ್ಕೆ ಗಾಡಿ ಹತ್ತೀನಾ ತಾಯಿ?” ಎಂದು ರಮ್ಯಶ್ರೀಯನ್ನು ಕೇಳುವಾಗ ಓಬಳಯ್ಯನ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು.

“ಹೇಳಿದ್ದಷ್ಟು ಮಾಡಿ. ಆಮೇಲೆ ನೋಡೋಣ.”

ಮಾಡಿದ. ದಿನಾ ಬೆಳಗ್ಗೆ ಮಂಚವನ್ನು ಜಗಲಿಯ ಬಿಸಿಲಿಗೆ ಹಾಕಿಸಿದ. ಕೊಟ್ಟ ಮಾತ್ರೆ ತಪ್ಪಿಸಲಿಲ್ಲ. ಎರಡು ಮುದ್ದೆ ಒಂದಾಯಿತು. ಪಕ್ಕಕ್ಕೆ ಹುರುಳಿ, ಸೊಪ್ಪು, ಮೊಟ್ಟೆ ಬಂದವು. ಮಲಗಿದಲ್ಲೇ ಮರಳು ತುಂಬಿದ ಬಾಟಲಿ ಎತ್ತಿ ಇಳಿಸಿದ. ನೋಡಲು ಬಂದವರ ಬಾಳೆಹಣ್ಣನ್ನು ರಂಗಕ್ಕ ಬಾಗಿಲಲ್ಲೇ ಇಸಿದುಕೊಂಡು ಹಸುವಿಗೆ ಹಾಕಿದಳು. ಹಸು ಎಷ್ಟು ಕೊಬ್ಬಿತೆಂದರೆ ಕೊಟ್ಟಿಗೆಯ ಬಾಗಿಲು ಒಡೆಸಿ ಅಗಲ ಮಾಡಿಸಬೇಕಾಯಿತು. ಓಬಳಯ್ಯನ ಹೊಟ್ಟೆ ಇಳಿಯಿತು, ಸಕ್ಕರೆಯೂ ಇಳಿಯಿತು.

ಮಾಘದ ಎರಡನೆಯ ವಾರ ಎಕ್ಸ್‌ರೇ ನೋಡಿ ಡಾಕ್ಟರು ಗಾಡಿ ಹತ್ತಬಹುದೆಂದು ತಲೆ ಆಡಿಸಿದರು. ಮಾರನೆಯ ದಿನವೇ ಓಬಳಯ್ಯ ಕಾಲಿಗೆ ದಿಂಬು ಕೊಟ್ಟುಕೊಂಡು ಮರದ ಕೆಳಗೆ ಹಾಜರು. ಗುತ್ತಿಗೆಯವರು ಸುತ್ತ ನಿಂತು ಅವನ ಬಾಯಿ ನೋಡುತ್ತಿದ್ದಾಗ ಗಂಗಾಧರಯ್ಯ ಮಗಳ ನಿಶ್ಚಿತಾರ್ಥದ ಕರೆಯೋಲೆ ಹಿಡಿದು ಬಂದ.

“ಬಾವ, ಈ ಸಲ ಎಣ್ಣೆ ಹಚ್ಚಿ ನಿಧಾನಕ್ಕೆ ಮಡಿಸ್ತೀವಿ.”

“ಆಗಕಿಲ್ಲ.”

“ಇದೇನು ಬಾವ! ಡಾಕ್ಟ್ರಮ್ಮ ಹೇಳಿದ್ದೆಲ್ಲ ಕೇಳ್ತೀಯ, ಬಾಮೈದ ಹೇಳಿದ್ದು ಕೇಳಕಿಲ್ವಾ?”

ಓಬಳಯ್ಯ ಕೊಂಬೆಯಿಂದ ಕಣ್ಣು ಕೀಳಲಿಲ್ಲ.

“ಕೇಳಿದ್ನಲ್ಲ ಕಣ್ಲಾ, ಒಂದ್ಸಲ. ಇನ್ನೊಂದ್ಸಲ ಕೇಳಾಕೆ ನನ್ ತಾವ ಇನ್ನೊಂದೇ ಕಾಲು ಉಳಿದಿರಾದು!”