ಬಿಸಿಲು ಬಂತು, ಕರೆಂಟ್ ಎಲ್ಲಿ?

ಮಂಚೇನಹಳ್ಳಿ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್. ಸೋಲಾರ್ ಬಂದ ಮೇಲೆ, ಪಂಪ್‌ಸೆಟ್ಟುಗಳಿಗೆ ರಾತ್ರಿ ಕೊಡುತ್ತಿದ್ದ ಕರೆಂಟನ್ನು ಹಗಲಿಗೆ ತಂದರು. ಬಿಸಿಲಿದ್ದರೆ ಧಾರಾಳ. ಮೋಡ ಕವಿದರೆ ಬೆಂಗಳೂರಿನ ಕಂಟ್ರೋಲ್ ರೂಮಿನಿಂದ ಫೋನು: "ಲೋಡ್ ಇಳಿಸಿ." ಇಳಿಸುವವನೂ ನಾನೇ, ಬೈಸಿಕೊಳ್ಳುವವನೂ ನಾನೇ. ಊರಿನವರಂತೂ ಆಕಾಶ ನೋಡಿಯೇ ಕರೆಂಟ್ ಯಾವಾಗ ಬರುತ್ತದೆಂದು ಹೇಳುವುದನ್ನು ಕಲಿತುಬಿಟ್ಟರು.

ಆವತ್ತು ಮಧ್ಯಾಹ್ನ ಮೋಡ ಕವಿಯಿತು, ಪಂಪ್‌ಸೆಟ್ಟಿನ ಲೈನ್ ಆಫ್ ಮಾಡಿದೆ. ಹೇಗೂ ಆಫ್ ಆಗಿದೆಯಲ್ಲ ಅಂತ ನಮ್ಮ ಲೈನ್‌ಮನ್, ಸುಟ್ಟುಹೋಗಿದ್ದ ತಂತಿ ಕಟ್ಟಲು ಕಂಬ ಹತ್ತಿದ. "ನಾನು ಇಳ್ದು ಫೋನ್ ಮಾಡೋವರ್ಗೂ ಸ್ವಿಚ್ ಮುಟ್ಬೇಡಿ ಸಾರ್," ಅಂದಿದ್ದ.

ಮೋಡ ಸರಿಯಿತು. ಕೊಡಬಹುದು ಅಂತ ಕಂಟ್ರೋಲ್ ರೂಮಿನವರೂ ಹೇಳಿದರು. ಲೈನ್‌ಮನ್ ಫೋನ್ ಮಾತ್ರ ಬರಲಿಲ್ಲ. ಬಂದವರು ಊರಿನವರು, ಬೈಕುಗಳ ಮೇಲೆ, ಗುದ್ದಲಿ ಕಾವು ಹಿಡಿದುಕೊಂಡು.

"ಬಿಸ್ಲು ಸುಡ್ತಾ ಐತೆ, ಕರೆಂಟ್ ಎಲ್ಲಯ್ಯಾ?"

"ಕಂಬದ ಮೇಲೆ ಮನುಷ್ಯ ಇದಾನೆ ಕಣ್ರಪ್ಪಾ!"

ಅವರು ನಕ್ಕರು. ನಗದೆ ಇನ್ನೇನು? ಯಾವಾಗ ಕರೆಂಟ್ ಯಾಕಿಲ್ಲ ಅಂತ ಕೇಳಿದರೂ ನಮ್ಮ ಇಲಾಖೆಯ ಬಾಯಿಂದ ಬರುವ ಮೊದಲ ಮಾತೇ ಅದು. ಮೋಡ, ಸೋಲಾರು, ಲೋಡು ಅಂತ ಯಾರು ಪುರಾಣ ಹೇಳುತ್ತಾ ಕೂರುತ್ತಾರೆ?

"ಕೊಟ್ಟಂಡ್ರಾ!" ಹೊಡೀರೋ ಅಂತ ತೆಲುಗಿನಲ್ಲಿ ಒಬ್ಬ ಕೂಗಿದ. ಮೊದಲ ಏಟಿಗೇ ಬಾಯಿ ತುಂಬ ರಕ್ತ. ತಿರುಗಿ ಸ್ವಿಚ್ಚಿನ ಪ್ಯಾನೆಲ್ಲನ್ನು ತಬ್ಬಿಕೊಂಡೆ. ಕಾವು ಪಕ್ಕೆಗೆ ಬಿತ್ತು, ಮತ್ತೆ ಅಲ್ಲಿಗೇ ಬಿತ್ತು, ಒಳಗೆ ಏನೋ ಲಟಕ್ಕೆಂದಿತು. ದಪ್ಪ ಮೀಸೆಯವನೊಬ್ಬ ನನ್ನ ಭುಜದ ಮೇಲಿಂದ ಕೈ ತೂರಿಸಿ ಸ್ವಿಚ್ ಹಿಡಿದ. ಆ ಕೈ ಕಚ್ಚಿದೆ. ಹಲ್ಲಿಗೆ ಮೂಳೆ ತಗುಲುವವರೆಗೂ ಕಚ್ಚಿದೆ, ಅವನು ಕಿರುಚಿದರೂ ಬಿಡಲಿಲ್ಲ. ಅವನನ್ನು ಕೊಂದುಬಿಡುವಷ್ಟು ಸಿಟ್ಟು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಮೇಜಿನ ಮೇಲೆ ನನ್ನ ಫೋನ್ ಹೊಡೆದುಕೊಂಡಿತು. ಯಾರೋ ಎತ್ತಿ ಸ್ಪೀಕರ್ ಹಾಕಿದರು.

"ಇಳ್ದೆ ಸಾರ್. ಲೈನ್ ಕೊಡಿ."

ಎತ್ತಿದ್ದ ಕಾವುಗಳು ಕೆಳಗಿಳಿದವು. ಮೀಸೆಯವನು ರಕ್ತ ಸೋರುವ ಕೈಯನ್ನು ಪಂಚೆಗೆ ಒತ್ತಿಕೊಂಡು, "ನಿಜ್ವಾಗ್ಲೂ ಇದಾನೆ ಅಂತ ಮೊದ್ಲೇ ಹೇಳ್ಬಾರ್ದಾ ಸಾರ್?" ಅಂದ.

ಸ್ವಿಚ್ ಹಾಕಿದೆ. ಆಮೇಲೆ ತಿರುಗಿ, ಮೈಯಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಸೇರಿಸಿ ಅವನ ಕೆನ್ನೆಗೆ ಬಾರಿಸಿದೆ. ಒಬ್ಬರೂ ನನ್ನನ್ನು ತಡೆಯಲಿಲ್ಲ.