ಬ್ರೆಡ್ಡಿನ ಅಂಚು

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಒಂದು ವಾಸನೆ ಏಳುತ್ತದೆ. ಬ್ರೆಡ್ಡಿನ ಕಂದು ಅಂಚನ್ನು ತುಪ್ಪದಲ್ಲಿ ಹುರಿದು ಮೇಲೆ ಸಕ್ಕರೆ ಉದುರಿಸಿದಾಗ ಬರುವ ವಾಸನೆ. ಶಿವಮೊಗ್ಗದ ನಮ್ಮ ಚರ್ಚಿನಲ್ಲಿ ಕರ್ತನ ಭೋಜನಕ್ಕೆ ಬ್ರೆಡ್ಡು ಕತ್ತರಿಸಿ ಕೊಡುವ ಕೆಲಸ ಈಗ ನನ್ನದು. ಅಂಚು ತೆಗೆದು, ಒಳಗಿನ ಬಿಳಿ ಭಾಗವನ್ನು ಉಗುರಿನಷ್ಟು ದೊಡ್ಡ ಚೌಕಗಳಾಗಿ ಕತ್ತರಿಸಬೇಕು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಪ್ರಾರ್ಥನೆ ಮಾಡಿ ಒಬ್ಬೊಬ್ಬರ ಅಂಗೈಗೆ ಒಂದೊಂದು ತುಂಡು ಇಡುತ್ತಾರೆ. ಕ್ರಿಸ್ತನ ದೇಹವೆಂದು ನಾವು ತಿನ್ನುತ್ತೇವೆ. ಮನೆಯಲ್ಲೇ ಉಳಿದ ಅಂಚನ್ನು ಯಾರೂ ಕೇಳುವುದಿಲ್ಲ. ಇವತ್ತು ಅದನ್ನು ಹುರಿಯುತ್ತಾ ನಿಂತವಳಿಗೆ ಭದ್ರಾವತಿಯ ಪಕ್ಕದ ಮನೆ ಆಂಟಿ ನೆನಪಾದರು… ನೆನಪಾದರು ಎನ್ನುವುದೂ ಸುಳ್ಳು. ಅವರಿಗೆ ಆದದ್ದರ ಬಗ್ಗೆ ನನಗೆ ಇನ್ನೂ ಸಿಟ್ಟಿದೆ, ಅದು ತಿಂಗಳಿಗೊಮ್ಮೆ ಬಿಸಿಯಾಗುತ್ತದೆ ಅಷ್ಟೇ.

ಆಗ ನಾವು ಭದ್ರಾವತಿಯ ಕಾಗದ ಕಾರ್ಖಾನೆಗೆ ಸೇರಿದ ಕಾಗದನಗರದ ಕ್ವಾರ್ಟರ್ಸ್‌ನಲ್ಲಿದ್ದೆವು. ಆಂಟಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಕುಕ್ಕರ್ ಕೂಗಿದರೆ ನಮ್ಮಮ್ಮ ತನ್ನದೆಂದುಕೊಂಡು ಒಲೆ ಆರಿಸಲು ಓಡುತ್ತಿದ್ದಳು. ಆಂಟಿಯನ್ನು ಮದುವೆಯಾದವನು ಎಂದೋ ಊರು ಬಿಟ್ಟು ಹೋಗಿ ಬೇರೆ ಸಂಸಾರ ಹೂಡಿದ್ದ. ಆಮೇಲೆ ಆಂಟಿ ಇನ್ನೊಬ್ಬರ ಜೊತೆ ಬಾಳುತ್ತಿದ್ದರು. ಅವರು ಹಿಂದೂ, ಮಾತು ಕಮ್ಮಿ, ಶಿಫ್ಟು ಮುಗಿಸಿ ಬಂದರೆ ಹಿತ್ತಲಿನ ಕನಕಾಂಬರಕ್ಕೆ ನೀರು ಹಾಕುತ್ತಾ ನಿಲ್ಲುವರು. ನಮಗೆ ಅವರು ಅಂಕಲ್. ಆಂಟಿಗೆ ‘ನಮ್ಮನೆಯವರು’. ಚರ್ಚಿನ ಹಿರಿಯರಿಗೆ ಮಾತ್ರ ‘ಆ ಸಂಬಂಧ’.

ಅಲ್ಲಿನ ಚರ್ಚ್ ಕಮಿಟಿಯವರು ಆಂಟಿಗೊಂದು ಪತ್ರ ಕೊಟ್ಟಿದ್ದರು. ಆರಾಧನೆಗೆ ಬರಬಹುದು, ಕೊನೆಯ ಬೆಂಚಿನಲ್ಲಿ ಕೂರಬೇಕು. ಕ್ವಾಯರ್‌ನಲ್ಲಿ ಹಾಡುವಂತಿಲ್ಲ, ಮುಂದೆ ಬಂದು ಭೋಜನದ ಬ್ರೆಡ್ಡು ತೆಗೆದುಕೊಳ್ಳುವಂತಿಲ್ಲ. ಆ ಮನುಷ್ಯನನ್ನು ಬಿಟ್ಟು, ಎಲ್ಲರೆದುರು ನಿಂತು ಪಾಪ ಮಾಡಿದೆ ಎಂದು ಒಪ್ಪಿಕೊಂಡರೆ ಎಲ್ಲವೂ ವಾಪಸ್ಸು. ಇಷ್ಟು ಮುತುವರ್ಜಿಯಿಂದ ಬರೆದ ಗಂಡಸರು ಒಂದು ವಿಷಯ ಮರೆತಿದ್ದರು. ಮರೆತಿದ್ದಲ್ಲ, ತಿಂಗಳು ತಿಂಗಳೂ ಆ ಬ್ರೆಡ್ಡನ್ನು ಕತ್ತರಿಸುವವರು ಯಾರೆಂದು ಅವರಿಗೆ ಗೊತ್ತೇ ಇರಲಿಲ್ಲ. ಬಿಳಿ ಬಟ್ಟೆ ಮುಚ್ಚಿದ ತಟ್ಟೆ ತಾನಾಗಿಯೇ ಮೇಜಿನ ಮೇಲೆ ಹುಟ್ಟುತ್ತದೆ ಎಂದುಕೊಂಡಿದ್ದರೋ ಏನೋ. ಕತ್ತರಿಸುತ್ತಿದ್ದವರು ಆಂಟಿ. ಪತ್ರ ಬಂದ ಮೇಲೂ ಹನ್ನೊಂದು ವರ್ಷ ಕತ್ತರಿಸಿದರು. ಹೆಂಗಸರಿಗೆಲ್ಲ ಗೊತ್ತಿತ್ತು. ಭಾನುವಾರ ನಸುಕಿಗೆ ಏಳುವ ಕೆಲಸ ತಮ್ಮ ತಲೆಗೆ ಬಂದೀತೆಂದು ಯಾರೂ ಬಾಯಿ ಬಿಡಲಿಲ್ಲ.

ಅಂಚುಗಳನ್ನು ಆಂಟಿ ತುಪ್ಪದಲ್ಲಿ ಹುರಿದು ನಮ್ಮ ಸಾಲಿನ ಮಕ್ಕಳಿಗೆಲ್ಲ ಹಂಚುತ್ತಿದ್ದರು. ಶಾನುಭೋಗರ ಮನೆ ಮಕ್ಕಳೂ ಬರುತ್ತಿದ್ದರು, ತಮಿಳು ಮಾತಾಡುವ ಫಿಟ್ಟರ್ ಮನೆಯ ಅವಳಿಗಳೂ ಬರುತ್ತಿದ್ದರು. ಅಂಕಲ್ ಟೀಗೆ ಅದ್ದಿಕೊಂಡು ತಿನ್ನುವರು. “ಅಂಚಿಗೆ ಅಯ್ಯನವ್ರು ಪ್ರಾರ್ಥನೆ ಮಾಡಿರಲ್ಲ ನೋಡು, ಇದಕ್ಕೆ ಯಾರ ಅಪ್ಪಣೆಯೂ ಬೇಡ,” ಎಂದು ಆಂಟಿ ನಗುತ್ತಿದ್ದರು. ಆ ನಗುವಿನಲ್ಲಿ ಕಹಿ ಇತ್ತೇ… ನನಗೆ ಆಗ ತಿಳಿಯುವ ವಯಸ್ಸಲ್ಲ. ಸಕ್ಕರೆ ಜಾಸ್ತಿ ಇರುವ ತುಂಡು ಯಾವುದೆಂದು ಹುಡುಕುವುದರಲ್ಲೇ ನಾನಿದ್ದೆ.

ಹದಿನೈದು ತುಂಬಿದಾಗ ನನ್ನನ್ನು ದೃಢೀಕರಣದ ಕ್ಲಾಸಿಗೆ ಸೇರಿಸಿದರು. ಅದು ಮುಗಿದ ಮೇಲೆಯೇ ನಮಗೆ ಮೊದಲ ಸಲ ಭೋಜನದ ಬ್ರೆಡ್ಡು ಸಿಗುವುದು. ಅಯ್ಯನವರು ಕೃಪೆ ಎಂದರೇನೆಂದು ಪಾಠ ಮಾಡಿದರು. ನಾವೆಲ್ಲ ಪಾಪಿಗಳು, ಯಾರಿಗೂ ಯೋಗ್ಯತೆಯಿಲ್ಲ, ಆದರೂ ದೇವರು ಪುಕ್ಕಟೆಯಾಗಿ ಕೊಡುತ್ತಾನೆ, ಅದೇ ಕೃಪೆ. ನಾನು ಎದ್ದು ನಿಂತು, “ಹಾಗಾದ್ರೆ ನಮ್ಮ ಪಕ್ಕದ ಮನೆ ಆಂಟಿಗೆ ಯಾಕಿಲ್ಲ ಅಯ್ಯನವ್ರೇ?” ಎಂದೆ. ಅಯ್ಯನವರು ಕೆಟ್ಟವರಲ್ಲ, ಬೈಬಲ್ ಮುಚ್ಚಿಟ್ಟು, “ಮೊದಲು ಅವ್ರು ಒಪ್ಪಿಕೊಳ್ಳಲಿ ಮಗಳೇ,” ಎಂದರು. “ಹಾಗಾದ್ರೆ ಅದು ಪುಕ್ಕಟೆ ಹೇಗಾಯ್ತು?” ಎಂದು ಕೇಳಿದ್ದಕ್ಕೆ ದೂರು ಮನೆಗೆ ಬಂತು. ತಲೆ ಗಟ್ಟಿ ಇದೆ ಅಂತ ಬಂಡೆ ಹಾಯಬಾರದು ಕಣೇ ಎಂದು ಅಮ್ಮ ಬೈದಳು. ನಾನು ಹಾಯುವುದೆಂದೇ ತೀರ್ಮಾನಿಸಿದೆ.

ದೃಢೀಕರಣದ ಭಾನುವಾರ ಬಿಳಿ ಸೀರೆ ಉಟ್ಟು ಎಲ್ಲರ ಜೊತೆ ಮೊಣಕಾಲೂರಿದೆ. ಅಂಗೈಗೆ ಬ್ರೆಡ್ಡು ಬಿತ್ತು. ನಾನು ತಿನ್ನಲಿಲ್ಲ. ಮುಷ್ಟಿ ಕಟ್ಟಿಕೊಂಡು ಎದ್ದು, ನಡುವಿನ ದಾರಿಯಲ್ಲಿ ಹಿಂದಕ್ಕೆ ನಡೆದು, ಕೊನೆಯ ಬೆಂಚಿನಲ್ಲಿದ್ದ ಆಂಟಿಯ ಮುಂದೆ ಮುಷ್ಟಿ ಬಿಚ್ಚಿದೆ. ಹಾಡು ನಿಂತುಹೋಯಿತು. ಆಂಟಿ ಆ ತುಂಡನ್ನು ನೋಡಿದರು, ಬೆಳಿಗ್ಗೆ ತಾವೇ ಕತ್ತರಿಸಿದ್ದು. ಅವರ ಕಣ್ಣು ತುಂಬಿತು. ಆದರೆ ತೆಗೆದುಕೊಳ್ಳಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿ, “ಇದು ನಿಂದು, ತಿನ್ನು ಮಾರಾಯ್ತಿ,” ಎಂದರು. “ನಿನ್ನ ಪಾಲು ಬಿಟ್ಟುಕೊಟ್ರೆ ನಂಗೆ ಸಿಗೋಕೆ ಕೃಪೆ ಏನು ರೇಷನ್ ಸಕ್ಕರೆನಾ? ನಂದು ನಂಗೆ ಬರುತ್ತೆ.” ನಾನು ಅಳುತ್ತಾ ತಿಂದೆ. ತಿಂದು ಅಲ್ಲೇ, ಅವರ ಪಕ್ಕದಲ್ಲೇ ಕೂತೆ.

ಅದರಿಂದ ಒಳ್ಳೆಯದೇನೂ ಆಗಲಿಲ್ಲ. ವಿಚಾರಣೆ ನಡೆಯಿತು. ಯಾರೋ ಬಾಯಿಬಿಟ್ಟರು, ಕತ್ತರಿಸುವ ಕೈ ಯಾರದೆಂದು ಹಿರಿಯರಿಗೆ ಕೊನೆಗೂ ಗೊತ್ತಾಯಿತು. ಕೆಲಸವನ್ನು ಬೇರೆಯವರಿಗೆ ಕೊಟ್ಟರು, ಅವರು ಕತ್ತರಿಸಿದ ತುಂಡುಗಳಲ್ಲಿ ಒಂದು ಬೆಲ್ಲದಚ್ಚಿನಷ್ಟು, ಇನ್ನೊಂದು ಇರುವೆಗೂ ಸಾಲದಷ್ಟು. ನನ್ನಿಂದಾಗಿ ಆಂಟಿಗಿದ್ದ ಅದೊಂದು ಕೆಲಸವೂ ಹೋಯಿತೆಂದು ನಾನು ಮುಖ ಸಣ್ಣ ಮಾಡಿಕೊಂಡು ಹೋದರೆ, ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹನ್ನೊಂದು ವರ್ಷ ನನ್ನ ಕೈದೇ ತಿಂದಿದ್ದಾರೆ. ಈಗ ಕಕ್ಕೋಕಾಗುತ್ತಾ?”

ವರ್ಷಗಳು ಕಳೆದವು. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ಕಾರ್ಖಾನೆ ನಿಂತಿತು, ಕ್ವಾರ್ಟರ್ಸ್ ಖಾಲಿಯಾಯಿತು, ಆಂಟಿ, ಅಂಕಲ್ ಭದ್ರಾವತಿಯಲ್ಲೇ ಜನ್ನಾಪುರದಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಅಂಕಲ್‌ಗೆ ಲಕ್ವ ಹೊಡೆಯಿತು. ನಾಲ್ಕು ವರ್ಷ ಆಂಟಿ ಅವರನ್ನು ಮಗುವಿನ ಹಾಗೆ ನೋಡಿಕೊಂಡರು. ಅಂಕಲ್ ತೀರಿಕೊಂಡ ತಿಂಗಳಿಗೆ ಭದ್ರಾವತಿ ಚರ್ಚಿನ ಕಮಿಟಿಯಿಂದ ನನಗೆ ಫೋನು ಬಂತು. ಪಾಪಕ್ಕೆ ಕಾರಣವಾದದ್ದು ಈಗ ಇಲ್ಲವಲ್ಲ, ನಿಮ್ಮ ಆಂಟಿ ಮುಂದೆ ಬಂದು ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಸಾಕು, ಬ್ರೆಡ್ಡು ಕೊಡುತ್ತೇವೆ, ನಿನ್ನ ಮಾತೆಂದರೆ ಕೇಳುತ್ತಾರೆ, ನೀನು ಹೇಳು.

ನಾನು ಹೋದೆ. ಬಂಡೆ ಹಾಯ್ದ ಹುಡುಗಿ ಎಲ್ಲಿ ಹೋಗಿದ್ದಳೋ ಗೊತ್ತಿಲ್ಲ. ಬಸ್ಸಿಳಿದು, ಅವರ ಮನೆಯ ಚಾಪೆಯ ಮೇಲೆ ಕೂತು, “ಒಂದು ಮಾತು ತಾನೇ ಆಂಟಿ, ಹೇಳಿಬಿಡಿ,” ಎಂದೆ. ಅಂಕಲ್‌ರ ಟವೆಲ್ಲು ಇನ್ನೂ ಹಗ್ಗದ ಮೇಲೆ ಇತ್ತು.

ಆಂಟಿ ಆ ಟವೆಲ್ಲನ್ನು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡರು. “ನಾನು ಪಾಪಿ ಅಲ್ಲ ಅಂತ ಯಾವತ್ತಾದ್ರೂ ಹೇಳಿದೀನಾ? ನನ್ನ ನಾಲಿಗೆ, ನನ್ನ ಸಿಟ್ಟು, ಎಲ್ಲ ದೇವ್ರಿಗೆ ದಿನಾ ಒಪ್ಪಿಸ್ತೀನಿ. ಆದ್ರೆ ಇವ್ರ ಜೊತೆ ಬಾಳಿದ್ದು ತಪ್ಪು ಅಂತ, ಇವ್ರು ಸತ್ತಿದ್ದಕ್ಕೆ ನಂಗೆ ರಕ್ಷಣೆ ಸಿಕ್ತು ಅಂತ ಹೇಳಲ್ಲ. ದೇವ್ರ ಮುಂದೆ ಸುಳ್ಳು ಹೇಳಿ ಬ್ರೆಡ್ಡು ತಿನ್ನೋಕೆ ನಂಗೆ ಭಯ.”

ನನಗೆ ತಲೆ ಎತ್ತಲಾಗಲಿಲ್ಲ. ಎದ್ದು ಹೋಗು ಎನ್ನುತ್ತಾರೆಂದು ಕಾದೆ. ಅವರೇ ಎದ್ದು ಒಳಗೆ ಹೋದರು. ಬಾಣಲೆಯ ಸದ್ದು ಕೇಳಿತು. ಬರುವಾಗ ಅವರ ಕೈಯಲ್ಲಿ ಟೀ ಇತ್ತು, ತಟ್ಟೆ ತುಂಬ ಹುರಿದ ಅಂಚು ಇತ್ತು. “ಸಕ್ಕರೆ ಜಾಸ್ತಿ ಹಾಕಿದೀನಿ. ಬಿಸಿ ಇದೆ, ತಿನ್ನು.” ನಾನಿನ್ನೂ ಕ್ಷಮಿಸಿ ಎಂದಿರಲಿಲ್ಲ. ಆಮೇಲೂ ಹೇಳಲಾಗಲಿಲ್ಲ. ಅವರು ಕಾಯಲೂ ಇಲ್ಲ.

ಮುಂದಿನ ವರ್ಷ ಆಂಟಿ ಹೋದರು. ಕೊನೆಯವರೆಗೂ ಕೊನೆಯ ಬೆಂಚು. ಕಾಂಪೌಂಡಿನ ಮೂಲೆಯಲ್ಲಿ ಮಣ್ಣು ಮಾಡಿದರು. ಅವರು ಸ್ವರ್ಗಕ್ಕೆ ಹೋದರೋ ಇಲ್ಲವೋ ಎಂದು ಆವತ್ತು ಪಿಸುಗುಟ್ಟಿದವರಿಗೆ ನಾನು ಹೇಳಿದ್ದನ್ನೇ ಈಗಲೂ ಹೇಳುತ್ತೇನೆ, ಅವರಿಲ್ಲದ ಕಡೆ ನನಗೂ ಜಾಗ ಬೇಡ.

ಈಗ ನಮ್ಮ ಚರ್ಚಿನ ಬಾಗಿಲಲ್ಲಿ ಹುರಿದ ಅಂಚಿನ ತಟ್ಟೆ ಇಡುತ್ತೇನೆ. ಭೋಜನಕ್ಕೆ ಮುಂದೆ ಹೋದವರೂ ತಿನ್ನುತ್ತಾರೆ, ಹೋಗದವರೂ ತಿನ್ನುತ್ತಾರೆ, ಹೊರಗೆ ಕಾಯುವ ಆಟೋದವರೂ ತಿನ್ನುತ್ತಾರೆ. ಇದೆಲ್ಲ ಯಾಕೆ ಎಂದು ಹೋದ ತಿಂಗಳು ಕಮಿಟಿಯವರೊಬ್ಬರು ಕೇಳಿದರು. ನಾನು ಕತ್ತರಿಸಿದ ಬ್ರೆಡ್ಡು ನಿಮಗೆ ಬೇಕಾದರೆ ಬಾಗಿಲಲ್ಲಿ ಅಂಚೂ ಇರುತ್ತದೆ ಎಂದೆ. ಮತ್ತೆ ಕೇಳಿಲ್ಲ. ಇದನ್ನು ಹೇಳಿ ನಗಲು ಈಗ ಜನ್ನಾಪುರದಲ್ಲಿ ಯಾರೂ ಇಲ್ಲ… ಇವತ್ತಿನ ಅಂಚು ಹುರಿದಾಯಿತು. ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕಿದ್ದೇನೆ.