ಯಲವಿಗಿ ದಾರಿಯಲ್ಲಿ ಉಸಿರುಗಟ್ಟಿದ ಮೋಟಾರು

ಅಪ್ಪ ಆ ಹಳೆಯ ಮೋಟಾರನ್ನು ಕೊಂಡದ್ದು ಓಡಿಸುವುದಕ್ಕಲ್ಲ, ಒಡೆಯುವುದಕ್ಕೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಸವಣೂರಿನ ಒಂದು ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಮೋಟಾರು ಅದು. ಮೈಯೆಲ್ಲ ತುಕ್ಕು, ಇಂಜಿನ್ ಮಾತ್ರ ಗಟ್ಟಿ. ಅದನ್ನು ಬಿಚ್ಚಿ ಹೊಲದ ಬಾವಿಗೆ ಕೂರಿಸಿ ನೀರೆತ್ತಬೇಕೆಂಬುದು ಅಪ್ಪನ ಯೋಜನೆ. ಸವಣೂರಿನ ಈಚೆ ನಮ್ಮದೊಂದು ಸಣ್ಣ ಹಳ್ಳಿ, ಬಾವಿಯ ನೀರನ್ನು ಆವರೆಗೆ ಎತ್ತುಗಳೇ ಎಳೆಯುತ್ತಿದ್ದವು.

ಅಣ್ಣ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ದುಡಿದು ಆಗಷ್ಟೇ ಊರಿಗೆ ಮರಳಿದ್ದ. ಅಲ್ಲಿಂದ ಅವನು ತಂದದ್ದು ನಟ್ಟು ಬಿಚ್ಚುವ ಒಂದು ಪೆಟ್ಟಿಗೆ ಪಾನಾಗಳು ಮತ್ತು ಯಾವುದೋ ಇಂಗ್ಲಿಷ್ ಮಾಸಿಕದಿಂದ ಹರಿದ ಒಂದು ಚಿತ್ರ. ಮೇಲೆ ಹೊದಿಕೆಯಿಲ್ಲದ, ಇಬ್ಬರೇ ಕೂರುವ ರೇಸಿನ ಮೋಟಾರು. ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವಂಥದ್ದು. ಬಿಡಿಭಾಗಗಳೆಲ್ಲ ಬಿಲಾತಿಯಲ್ಲಿದ್ದವು, ನಾವು ದನದ ಕೊಟ್ಟಿಗೆಯಲ್ಲಿದ್ದೆವು. ಆದರೆ ಹುಚ್ಚು ಹತ್ತಿದವರಿಗೆ ಇಂಥ ಅಡ್ಡಿಗಳು ಕಾಣುವುದಿಲ್ಲ. ಅವನಿಗಿಂತ ಒಂದು ವರ್ಷ ಚಿಕ್ಕವನಾದ ನನಗೂ ಆ ಹುಚ್ಚು ಅವನಿಗಿಂತ ಜೋರಾಗಿಯೇ ಹತ್ತಿತು.

ತುಕ್ಕು ಹಿಡಿದ ಮೈಯನ್ನು ಕಿತ್ತು ಬಿಸಾಡಿದೆವು. ಹಾನಗಲ್ಲಿನಲ್ಲಿ ಚಕ್ಕಡಿ ಮಾಡುವ ಬಡಿಗನಿಂದ ಜಾಲಿ ಕಟ್ಟಿಗೆಯ ಚೌಕಟ್ಟು ಬಂತು, ಶಿಗ್ಗಾಂವಿಯ ಸಂತೆಯಿಂದ ತಗಡು ಬಂತು. ಹಳೆಯ ಪೆಟ್ರೋಲ್ ಟಾಕಿ ಜರಡಿಯಾಗಿದ್ದರಿಂದ ಹೊಸದನ್ನು ಬೆಸೆಸಿ, ಪೆಟ್ರೋಲು ತಾನೇ ಇಳಿದು ಇಂಜಿನ್ನಿಗೆ ಹೋಗಲೆಂದು ಸೀಟಿನ ಹಿಂದೆ ಎತ್ತರದಲ್ಲಿ ಕೂರಿಸಿದೆವು. ಇಳಿದಷ್ಟೂ ಪೆಟ್ರೋಲಿನ ಜಾಗಕ್ಕೆ ಗಾಳಿ ಬರಬೇಕಲ್ಲ, ಅದಕ್ಕೆಂದು ಅಣ್ಣ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ತೂತು ಕೊರೆದ. ಮೊದಲ ಸಲ ಇಂಜಿನ್ ಗುಡುಗಿದಾಗ ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಇಂಜಿನ್ ಬಾವಿಗೆ ಬರಲೆಂದು ಕಾಯುತ್ತಿದ್ದ ಅಪ್ಪನ ತಾಳ್ಮೆಗೂ ಒಂದು ಮಿತಿಯಿತ್ತು. ಪಂಚಮಿಗೆ ಅಕ್ಕ ತವರಿಗೆ ಬರುವವಳಿದ್ದಳು. ಅವಳನ್ನು ಕೊಟ್ಟದ್ದು ಹಂಸಭಾವಿಗೆ. ಬ್ಯಾಡಗಿಯಲ್ಲಿ ರೈಲು ಹತ್ತಿ ಯಲವಿಗಿಯಲ್ಲಿ ಇಳಿಯುತ್ತಿದ್ದಳು. ಕರೆತರಲು ಮೋಟಾರು ಒಯ್ಯುತ್ತೇವೆಂದು ಅಣ್ಣ ಅಂದಾಗ ಅಪ್ಪ ಚಕ್ಕಡಿಯ ಹಗ್ಗ ತೋರಿಸಿದ.

"ಎತ್ತು ಹೂಡಲಾರದ ಯಲವಿಗಿ ಮುಟ್ಟಿದ್ರ ಗಾಡಿ ನಿಂದು. ಈ ಹಗ್ಗ ಹಚ್ಚಿದೆವಂದ್ರ ಇಂಜಿನ್ ಬಾವಿಗೆ."

ಮಗಳು ಸ್ಟೇಶನ್ನಿನಲ್ಲಿ ಕಾಯುತ್ತ ಕೂರಬಾರದೆಂದು ತಾನೂ ಚಕ್ಕಡಿ ಕಟ್ಟಿಕೊಂಡು ಹಿಂದೆಯೇ ಹೊರಟ. ಮೈಲು ದಾಟುವುದರೊಳಗೆ ಧೂಳಿನಲ್ಲಿ ಅವನು ಕಾಣದಾದ. ನಾನು ಸೀಟಿನ ಮೇಲೆ ಎದ್ದು ನಿಂತು ಕೇಕೆ ಹಾಕಿದೆ. ಕೇಕೆ ಮುಗಿಯುವ ಮೊದಲೇ ಇಂಜಿನ್ ಕೆಮ್ಮಿತು, ತೊದಲಿತು, ನಿಂತೇಬಿಟ್ಟಿತು.

ಪೆಟ್ರೋಲಿನ ದಾರಿಯಲ್ಲಿ ಕಸ ಸಿಕ್ಕಿರಬೇಕೆಂದು ಅಣ್ಣ ಕಾರ್ಬುರೇಟರ್ ಬಿಚ್ಚಿ ಊದಿ ಕಟ್ಟಿದ. ಮೋಟಾರು ಏನೂ ಆಗದಂತೆ ಮತ್ತೆ ಹೊರಟಿತು, ಮತ್ತೆ ಅಷ್ಟೇ ದೂರ ಹೋಗಿ ನಿಂತಿತು. ಊದಿದ್ದರಿಂದಲೇ ಅದು ಹೊರಡುತ್ತದೆಂದು ನಾವು ತಿಳಿದಿದ್ದೆವು. ಪ್ರತಿ ಸಲವೂ ಹಿಂದಿನಿಂದ ಕೊರಳಗಂಟೆಯ ಸದ್ದು ಬರುತ್ತಿತ್ತು, ಎತ್ತುಗಳು ಅವಸರವಿಲ್ಲದೆ ಬಂದು ನಮ್ಮನ್ನು ಮುಟ್ಟುತ್ತಿದ್ದವು. ಅಪ್ಪ ಹಗ್ಗದ ಕಡೆ ಒಮ್ಮೆ ನೋಡುತ್ತಿದ್ದ, ಅಷ್ಟೇ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಆ ನೋಟಕ್ಕೆ ಮೈಯೆಲ್ಲ ಉರಿಯುತ್ತಿತ್ತು.

ಸವಣೂರು ದಾಟಿದ ಮೇಲೆ ಮತ್ತೆ ನಿಂತಾಗ ಅಣ್ಣ ದಾರಿಯ ದಂಡೆಗೆ ತಲೆಯ ಮೇಲೆ ಕೈಹೊತ್ತು ಕೂತ. ಪೆಟ್ರೋಲೇ ಇಲ್ಲವೇನೋ ಎಂದು ನಾನು ಸಿಟ್ಟಿನಲ್ಲಿ ಟಾಕಿಯ ಮುಚ್ಚಳ ತಿರುಗಿಸಿದೆ. ಹಸ್ ಎಂದು ಟಾಕಿ ಗಾಳಿಯನ್ನು ಒಳಕ್ಕೆ ಎಳೆದುಕೊಂಡಿತು, ಒಳಗೆ ಬಾಗಿದ್ದ ಅದರ ಬದಿ ಟಣ್ಣೆಂದು ಹೊರಗೆ ಬಂತು. ಪೆಟ್ರೋಲು ಅರ್ಧಕ್ಕಿಂತ ಮೇಲಿತ್ತು. ಮುಚ್ಚಳ ಮಗುಚಿ ನೋಡಿದೆ. ಅಣ್ಣ ಕೊರೆದ ತೂತಿಗೆ ಒಳಗಿನಿಂದ ಯಾರೋ ಕೆಂಪು ಅರಗು ತುಂಬಿದ್ದರು. ಗಾಳಿ ಸಿಗದೆ ಪೆಟ್ರೋಲು ಇಳಿಯುವುದು ನಿಲ್ಲುತ್ತಿತ್ತು. ನಾವು ಊದುತ್ತ ಕೂತಷ್ಟು ಹೊತ್ತಿನಲ್ಲಿ ಎಲ್ಲಿಂದಲೋ ಒಂದಿಷ್ಟು ಗಾಳಿ ನುಸುಳಿ ಮತ್ತೆ ಇಳಿಯುತ್ತಿತ್ತು.

ಅರಗಿನ ತುಂಡು ನಮ್ಮ ಮನೆಯಲ್ಲಿ ಇರುತ್ತಿದ್ದದ್ದು ಗೋಡೆಯಲ್ಲಿನ ಅಪ್ಪನ ಗೂಡಿನಲ್ಲಿ ಮಾತ್ರ. ಚಕ್ಕಡಿ ಬಂದು ನಿಲ್ಲುವುದಕ್ಕೂ ಕಾಯದೆ ನಾನು ಎದುರಿಗೆ ಹೋಗಿ, ಇಂಜಿನ್ ಬೇಕಾಗಿದ್ದರೆ ನೇರವಾಗಿ ಕಿತ್ತುಕೊಳ್ಳಬೇಕಿತ್ತು, ಹೀಗೆ ಕತ್ತು ಹಿಸುಕಬಾರದಿತ್ತು ಎಂದುಬಿಟ್ಟೆ. ಅಪ್ಪನ ಮುಖ ನೋಡಿದರೆ ಅವನಿಗೆ ನನ್ನ ಸಿಟ್ಟು ಅರ್ಥವೇ ಆಗಿರಲಿಲ್ಲ.

"ಹೌದು, ನಾನ ಮುಚ್ಚೇನಿ. ಹಗೇದ ಬಾಯಿ ಮುಚ್ಚಿದಂಗ ಮುಚ್ಚೇನಿ. ಆ ತೂತಿನ್ಯಾಗಿಂದ ವಾಸನಿ ಬರತಿತ್ತು, ಎಣ್ಣಿ ಹಾರಿ ಹೋಗಾಕತ್ತೈತಿ ಅನಿಸ್ತು. ನನ್ನ ಮಗಳು ಕುಂತು ಬರೂ ಗಾಡಿ, ನಡುದಾರ್ಯಾಗ ಎಣ್ಣಿ ತೀರಬಾರ್ದು."

ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಾರೆ. ಬಾಯಿಗೆ ಕಲ್ಲಿಟ್ಟು, ಮಣ್ಣು ಮೆತ್ತಿ, ಗಾಳಿಯ ಎಳೆಯೂ ಹೋಗದಂತೆ ಮಾಡಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಅದನ್ನು ಮುಚ್ಚುವುದರಲ್ಲಿ ಅಪ್ಪನದು ಊರಿಗೇ ಹೆಸರಾದ ಕೈ. ಇಡುವುದನ್ನೆಲ್ಲ ಗಾಳಿಯಿಂದ ಕಾಪಾಡಬೇಕು ಎಂದು ಬದುಕಿದವನಿಗೆ, ಗಾಳಿಯನ್ನೇ ಬೇಡುವ ಪಾತ್ರೆಯೊಂದಿದೆ ಎಂದು ಹೇಗೆ ಹೊಳೆಯಬೇಕು? ಸಿಟ್ಟೆಲ್ಲ ಜರ್ರನೆ ಇಳಿದು ನನಗೆ ನಗು ಬಂತು. ಅಣ್ಣನಂತೂ ಬಿದ್ದು ಬಿದ್ದು ನಕ್ಕ.

ಅರಗು ಚುಚ್ಚಿ ತೆಗೆದು ಹೊರಟೆವು. ಈಗ ಇಂಜಿನ್ ಹಾಡುತ್ತಿತ್ತು, ಆದರೆ ಮೊದಲ ತಗ್ಗಿಗೇ ಪೆಟ್ರೋಲು ಆ ತೂತಿನಿಂದ ಚಿಮ್ಮಿ ನನ್ನ ಬೆನ್ನು ತೋಯಿಸಿತು. ಅಣ್ಣ ಗಕ್ಕನೆ ನಿಲ್ಲಿಸಿದ. ಬೆಂಕಿ ಹತ್ತಿದರೆ ಇಂಜಿನ್ನೂ ಇಲ್ಲ, ನಾವೂ ಇಲ್ಲ. ತೂತು ಮುಚ್ಚಿದರೆ ಉಸಿರಿಲ್ಲ, ಬಿಟ್ಟರೆ ವಾಂತಿ. ಗಾಳಿ ಬರುವ, ಪೆಟ್ರೋಲು ಹತ್ತಲಾರದಷ್ಟು ಎತ್ತರದ ಒಂದು ಕೊಳವೆ ಬೇಕಿತ್ತು. ಆ ಬಯಲಿನಲ್ಲಿ ಕೊಳವೆ ಎಲ್ಲಿಂದ ತರುವುದು?

ಹೊಲದ ಬದುವಿನ ಮೇಲೆ ಔಡಲ ಗಿಡಗಳು ತಲೆದೂಗುತ್ತಿದ್ದವು. ಅವುಗಳ ಎಲೆಯ ಉದ್ದನೆಯ ತೊಟ್ಟು, ಅಂದರೆ ದೇಟು, ಒಳಗೆ ಪೊಳ್ಳು, ಚಿಕ್ಕವರಿದ್ದಾಗ ಅದರಿಂದ ನೀರು ಹೀರುತ್ತಿದ್ದೆವು. ನಾನು ಓಡಿಹೋಗಿ ಎಲ್ಲಕ್ಕಿಂತ ಉದ್ದನೆಯದನ್ನು ಕಿತ್ತು ತಂದೆ. ಚಕ್ಕಡಿಯಲ್ಲಿದ್ದ ಗೋಣಿ ಹೊಲಿಯುವ ದಬ್ಬಳದಿಂದ ಅಣ್ಣ ತೂತು ದೊಡ್ಡದು ಮಾಡಿ ದೇಟನ್ನು ನೆಟ್ಟ, ಸುತ್ತ ಬಟ್ಟೆ ಒಗೆಯುವ ಸಬಕಾರ ಮೆತ್ತಿದ. ಟಾಕಿ ಸೋರಿದರೆ ಇರಲೆಂದು ಆ ಸಬಕಾರವನ್ನು ತಂದಿದ್ದೆವು. ಇಂಜಿನ್ ಶುರುವಾಯಿತು. ದೇಟಿನ ತುದಿಗೆ ಕಿವಿಯಿಟ್ಟರೆ ಟಾಕಿ ಉಸಿರಾಡುವುದು ಕೇಳುತ್ತಿತ್ತು. ಅಂಥ ಸಂತೋಷವನ್ನು ನಾನು ಮುಂದೆ ಎಷ್ಟೋ ಹೊಸ ಮೋಟಾರುಗಳಲ್ಲಿ ಕೂತಾಗಲೂ ಪಟ್ಟಿಲ್ಲ.

ಒಂದೇ ಕೊರತೆ: ಹಸಿ ದೇಟು ಕುಲುಕಾಟಕ್ಕೆ ಬಾಗುತ್ತಿತ್ತು, ಯಾರಾದರೂ ನೆಟ್ಟಗೆ ಹಿಡಿಯಬೇಕಿತ್ತು. ನಾನು ಹತ್ತಲು ಹೋದೆ. ಅಪ್ಪ ನನ್ನ ರಟ್ಟೆ ಹಿಡಿದು ಬದಿಗೆ ಸರಿಸಿದ.

"ಮುಚ್ಚಿದಾವ ನಾನು. ಹಿಡ್ಯಾವನೂ ನಾನ."

ಎತ್ತಿನ ಹಗ್ಗ ನನ್ನ ಕೈಗೆ ಬಂತು. ಟಾಕಿ ಬೆಸೆಸಿದವನು ನಾನು, ದೇಟು ಕಿತ್ತು ತಂದವನು ನಾನು, ಈಗ ಮೋಟಾರಿನ ಧೂಳು ಕುಡಿಯುವವನೂ ನಾನು! ರುಮಾಲು ಬಿಗಿದುಕೊಂಡು, ಹಿಂದಕ್ಕೆ ತಿರುಗಿ ದೇಟನ್ನೇ ನೋಡುತ್ತ ಅಪ್ಪ ಹೊರಟುಹೋದ. ನಾನು ಹೊಟ್ಟೆ ಉರಿಸಿಕೊಳ್ಳುತ್ತಲೇ ಕಿವಿಯನ್ನು ಆ ಸದ್ದಿಗೆ ಕೊಟ್ಟಿದ್ದೆ. ಸದ್ದು ಸಣ್ಣದಾಯಿತು, ಆದರೆ ನಡುವೆ ಎಲ್ಲೂ ಕಡಿಯಲಿಲ್ಲ. ಆಮೇಲೆ ದೂರದಲ್ಲಿ ರೈಲು ಕೂಗಿತು. ಮುಟ್ಟಿರಬಹುದೇ, ಯಾವುದಾದರೂ ತಗ್ಗಿನಲ್ಲಿ ಕೂತಿರಬಹುದೇ ಎಂದು ಜೀವ ಹಿಡಿಯಷ್ಟಾಯಿತು. ಎತ್ತುಗಳನ್ನು ಅಷ್ಟು ಜೋರಾಗಿ ನಾನೆಂದೂ ಹೊಡೆದಿರಲಿಲ್ಲ.

ಯಲವಿಗಿ ಇನ್ನೂ ದೂರವಿರುವಾಗಲೇ ಎದುರಿನಿಂದ ಧೂಳೆದ್ದಿತು. ಅಣ್ಣನ ಪಕ್ಕದಲ್ಲಿ ಅಕ್ಕ, ಸೆರಗು ಹಲ್ಲಲ್ಲಿ ಕಚ್ಚಿಕೊಂಡು, ನಗುತ್ತ. ಹಿಂದೆ ಟಾಕಿಯ ಮಗ್ಗುಲಿಗೆ ಗಂಟುಗಳ ಮೇಲೆ ಅಪ್ಪ, ಕೈಯಲ್ಲಿ ಮುಚ್ಚಳಕ್ಕೆ ಹೊಸದಾಗಿ ಕಿತ್ತು ನೆಟ್ಟ ದೇಟು. ಮೋಟಾರು ಚಕ್ಕಡಿಯ ಪಕ್ಕಕ್ಕೆ ಬಂದು ನಿಂತಿತು. ಹಗ್ಗದ ಮಾತು ನಾನು ಎತ್ತಲಿಲ್ಲ, ಅಣ್ಣನೂ ಎತ್ತಲಿಲ್ಲ. ಅಪ್ಪನೇ ಹೇಳಿದ.

"ಬಾವಿಗೆ ಎತ್ತು ಅದಾವ. ಇದು ಓಡ್ಲಿ."

ನಾನು ಚಕ್ಕಡಿಯಿಂದ ಹಾರಿ ಅವನನ್ನು ತಬ್ಬಿಕೊಂಡುಬಿಟ್ಟೆ. ನಮ್ಮ ಮನೆಯಲ್ಲಿ ಹಾಗೆ ತಬ್ಬಿಕೊಳ್ಳುವ ರೂಢಿಯೇ ಇರಲಿಲ್ಲ. ಅಪ್ಪನೂ ಒಂದು ಕೈ ನನ್ನ ಬೆನ್ನ ಮೇಲಿಟ್ಟ. ಇನ್ನೊಂದು ಕೈ, ಮೋಟಾರು ನಿಂತಿದ್ದರೂ, ಆ ದೇಟನ್ನು ಬಿಡಲಿಲ್ಲ.